ದಾರಿಯ ವಿಷ: ಉಮ್ಮತ್ತಿ ಮತ್ತು ಕಳೆದುಹೋದ ಸಾಕ್ಷ್ಯ

ಮಹಾಶಿವರಾತ್ರಿಯ ಹಿಂದಿನ ದಿನ ಮುಂಬಯಿ, ಪುಣೆ ಅಥವಾ ದೆಹಲಿಯ ಹೂವಿನ ಪೇಟೆಗೆ ಹೋದರೆ ಬಿಲ್ವಪತ್ರೆಯ ರಾಶಿಯ ಪಕ್ಕದಲ್ಲಿ ಮೈತುಂಬ ಮುಳ್ಳಿರುವ ದುಂಡನೆಯ ಹಸಿರು ಕಾಯಿಗಳನ್ನೂ ಮಾರಲಿಟ್ಟಿರುವುದು ಕಾಣುತ್ತದೆ. ಮರಾಠಿಯವರು ಅದನ್ನು ಧೋತ್ರಾ ಎನ್ನುತ್ತಾರೆ, ಹಿಂದಿಯವರು ಧತೂರಾ ಎನ್ನುತ್ತಾರೆ. ಅದೇ ಗಿಡ ಚೆನ್ನೈಯಲ್ಲಿರುವ ನಮ್ಮವರಿಗೆ ಊಮತ್ತೈ ಎಂದೂ ಹೈದರಾಬಾದಿನವರಿಗೆ ಉಮ್ಮೆತ್ತ ಎಂದೂ ಪರಿಚಿತ. ನಾವು ಊರಿನಲ್ಲಿ ಅದನ್ನು ಉಮ್ಮತ್ತಿ ಎಂದೋ ದತ್ತೂರಿ ಎಂದೋ ಮದಗುಣಿಕೆ ಎಂದೋ ಕರೆದು, ಮುಟ್ಟಿದರೆ ಕೈ ತೊಳೆದುಕೊಳ್ಳಬೇಕೆಂದು ಹಿರಿಯರಿಂದ ಹೇಳಿಸಿಕೊಂಡು ಬೆಳೆದವರು. ಹಾಳು ಗೋಡೆಯ ಬುಡದಲ್ಲಿ, ತಿಪ್ಪೆಯ ಅಂಚಿನಲ್ಲಿ, ರೈಲು ಹಳಿಯ ಬದಿಯಲ್ಲಿ ಯಾರೂ ನೆಡದೆ, ಯಾರೂ ನೀರೆರೆಯದೆ ಬೆಳೆಯುವ ಗಿಡವದು. ಕಹಳೆಯಂತೆ ಅರಳುವ ಅದರ ಬಿಳಿ ಅಥವಾ ನೇರಿಳೆ ಹೂವು ನೋಡಲು ಚೆಲುವು. ಶಿವನ ಮುಡಿಗೇರುವ ಈ ಗಿಡ ಮನುಷ್ಯನ ಹೊಟ್ಟೆಗಿಳಿದಾಗ ಏನಾಗುತ್ತದೆ, ಆಗುವುದನ್ನು ಬಲ್ಲವರು ಅದನ್ನು ಯಾವ ಯಾವ ಕೆಲಸಕ್ಕೆ ಬಳಸಿದರು ಎಂಬುದು ಈ ಬರಹದ ವಿಷಯ.

ಚರಿತ್ರೆಯನ್ನು ಹೆಸರುಗಳಿಂದಲೇ ಆರಂಭಿಸಬಹುದು. ಅಮರಕೋಶ ಈ ಗಿಡಕ್ಕೆ ಧತ್ತೂರ ಎಂಬುದರ ಜೊತೆಗೆ ಉನ್ಮತ್ತ, ಕಿತವ, ಧೂರ್ತ ಎಂಬ ಹೆಸರುಗಳನ್ನು ಕೊಡುತ್ತದೆ. ಬಂಗಾರಕ್ಕಿರುವ ಹೆಸರುಗಳೂ ಇದಕ್ಕೆ ಸಲ್ಲುತ್ತವೆ ಎನ್ನುತ್ತದೆ. ಉನ್ಮತ್ತನೆಂದರೆ ಬುದ್ಧಿ ಕೆಟ್ಟವನು; ನಮ್ಮ ಉಮ್ಮತ್ತಿ ಆ ಪದದಿಂದಲೇ ಬಂದದ್ದು. ಕಿತವ ಜೂಜುಕೋರ, ಧೂರ್ತ ವಂಚಕ. ಒಂದು ಗಿಡಕ್ಕೆ ಹುಚ್ಚನ ಹೆಸರೂ ವಂಚಕನ ಹೆಸರೂ ಒಟ್ಟಿಗೆ ಏಕೆ ಬಂದವು? ನಮಗೆ ತೋರುವುದಿಷ್ಟು: ತಿಂದವನು ಉನ್ಮತ್ತ, ತಿನ್ನಿಸಿದವನು ಧೂರ್ತ, ಇಬ್ಬರ ನಡುವೆ ಇದ್ದದ್ದು ಕನಕ. ನಿಘಂಟುಕಾರನ ಮನಸ್ಸಿನಲ್ಲಿ ಈ ಕ್ರಮ ಇತ್ತೋ ಇಲ್ಲವೋ, ಮುಂದಿನ ಸಾವಿರಕ್ಕೂ ಹೆಚ್ಚು ವರ್ಷಗಳ ಚರಿತ್ರೆ ಮಾತ್ರ ಈ ಮೂರು ಹೆಸರುಗಳನ್ನು ಮತ್ತೆ ಮತ್ತೆ ನಿಜ ಮಾಡಿದೆ.

ಮೊದಲು ಆ ಉನ್ಮಾದದ ಸ್ವರೂಪವನ್ನು ನೋಡೋಣ. ಉಮ್ಮತ್ತಿಯ ಬೇರು, ಎಲೆ, ಹೂವು, ಕಾಯಿ, ಬೀಜ ಎಲ್ಲದರಲ್ಲಿಯೂ ಅಟ್ರೋಪಿನ್, ಹಯೋಸಯಮಿನ್, ಸ್ಕೋಪೊಲಮಿನ್ ಎಂಬ ಕ್ಷಾರಸತ್ವಗಳಿವೆ. ನಮ್ಮ ನರಗಳು ಒಂದಕ್ಕೊಂದು ಸುದ್ದಿ ಮುಟ್ಟಿಸಲು ಬಳಸುವ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕದ ದಾರಿಯನ್ನು ಇವು ಅಡ್ಡಗಟ್ಟುತ್ತವೆ. ಬಾಯಿ, ಗಂಟಲು ಒಣಗಿ ಮಾತು ತೊದಲುತ್ತದೆ. ಬೆವರು ನಿಂತು ಮೈ ಕಾದು ಕೆಂಪಾಗುತ್ತದೆ. ಎದೆಬಡಿತ ಏರುತ್ತದೆ, ಮೂತ್ರ ಕಟ್ಟುತ್ತದೆ. ಕಣ್ಣಿನ ಪಾಪೆ ಅರಳಿ ನಿಂತು ಬೆಳಕು ಚುಚ್ಚುತ್ತದೆ, ಹತ್ತಿರದ್ದು ಮಬ್ಬಾಗುತ್ತದೆ. ಅನಂತರ ಮನಸ್ಸಿನ ಸರದಿ. ತಿಂದವನು ಎದುರಿಗಿಲ್ಲದವರೊಡನೆ ಮಾತಾಡುತ್ತಾನೆ, ಗಾಳಿಯಲ್ಲಿ ಇಲ್ಲದ ದಾರವನ್ನು ಬೆರಳುಗಳಿಂದ ಎಳೆಯುತ್ತಾನೆ, ಹೊದಿಕೆಯನ್ನು ಕೆದಕುತ್ತಾನೆ, ತೂರಾಡುತ್ತ ಎದ್ದು ಹೊರಟುಬಿಡುತ್ತಾನೆ.

ಭ್ರಮೆ ತರುವ ಇತರ ದ್ರವ್ಯಗಳಿಗೂ ಇದಕ್ಕೂ ಇಲ್ಲೊಂದು ಮುಖ್ಯ ವ್ಯತ್ಯಾಸವಿದೆ. ಎಲ್‌ಎಸ್‌ಡಿ ಸೇವಿಸಿದವನು ತಾನು ಕಾಣುತ್ತಿರುವುದು ಮದ್ದಿನ ಮಾಯೆ ಎಂಬುದನ್ನು ಸಾಮಾನ್ಯವಾಗಿ ಬಲ್ಲವನಾಗಿರುತ್ತಾನೆ. ಉಮ್ಮತ್ತಿ ತಿಂದವನಿಗೆ ಆ ತಿಳಿವು ಉಳಿಯುವುದಿಲ್ಲ. ಕಂಡದ್ದೆಲ್ಲ ಅವನಿಗೆ ನಿಜ. ಒಂದೆರಡು ದಿನ, ಕೆಲವೊಮ್ಮೆ ಅದಕ್ಕೂ ಹೆಚ್ಚು ಕಾಲ ಕಳೆದು ಅವನು ಎಚ್ಚೆತ್ತಾಗ ನಡುವಿನ ಹೊತ್ತು ನೆನಪಿನಿಂದ ಬಹುಮಟ್ಟಿಗೆ ಅಳಿಸಿಹೋಗಿರುತ್ತದೆ. ಸತ್ವದ ಪ್ರಮಾಣವಂತೂ ಗಿಡದಿಂದ ಗಿಡಕ್ಕೆ, ಋತುವಿನಿಂದ ಋತುವಿಗೆ, ಒಂದೇ ಗಿಡದ ಭಾಗದಿಂದ ಭಾಗಕ್ಕೆ ಬದಲಾಗುತ್ತದೆ. ಆದುದರಿಂದ ಇಷ್ಟು ತಿಂದರೆ ಅಪಾಯವಿಲ್ಲ ಎಂದು ಹೇಳಬಲ್ಲ ಅಳತೆಯೇ ಇಲ್ಲ. ಮೈಯ ಕಾವು ಮಿತಿಮೀರಿ, ಹೃದಯದ ಲಯ ತಪ್ಪಿ, ಪ್ರಜ್ಞೆ ಕಳೆದು ಸತ್ತವರಿದ್ದಾರೆ. ಭ್ರಮೆಯಲ್ಲಿ ನಡೆದು ನೀರಿಗೆ ಬಿದ್ದು, ಬಂಡಿಗೆ ಸಿಕ್ಕಿ ಸತ್ತವರೂ ಇದ್ದಾರೆ.

ನಮ್ಮ ಹಳೆಯ ವೈದ್ಯರಿಗೆ ಈ ಗಿಡದ ಎರಡು ಮುಖಗಳೂ ಗೊತ್ತಿದ್ದವು. ಸುಶ್ರುತಸಂಹಿತೆಯ ಕಲ್ಪಸ್ಥಾನದಲ್ಲಿ ಹುಚ್ಚುನಾಯಿ ಕಡಿತಕ್ಕೆ ಹೇಳಿರುವ ಚಿಕಿತ್ಸೆಯಲ್ಲಿ ಧತ್ತೂರವೂ ಸೇರಿದೆ. ವಾತ್ಸ್ಯಾಯನನ ಕಾಮಸೂತ್ರದ ಕೊನೆಯ ಅಧಿಕರಣದಲ್ಲಿ ಧತ್ತೂರದ ಕಾಯಿ ಬೆರೆತ ಆಹಾರ ಉನ್ಮಾದ ತರುತ್ತದೆ ಎಂಬ ಮಾತಿದೆ. ಒಂದು ಗ್ರಂಥ ರೋಗಿಗೆ ಕೊಡುವುದನ್ನು ಹೇಳಿದರೆ ಇನ್ನೊಂದು ಅರಿಯದವನಿಗೆ ಉಣಿಸುವುದನ್ನು ಹೇಳುತ್ತದೆ. 1753ರಲ್ಲಿ ಲಿನೇಯಸ್ ಈ ಕುಲಕ್ಕೆ ಹೆಸರಿಡುವಾಗ ನಮ್ಮ ನಾಡಿನ ಮಾತನ್ನೇ ತೆಗೆದುಕೊಂಡು ಡಟುರಾ ಎಂದ. ಈ ಕುಲದ ತವರು ಅಮೆರಿಕ ಖಂಡ ಎಂದು ಇಂದಿನ ಸಸ್ಯಶಾಸ್ತ್ರಜ್ಞರು ಭಾವಿಸುತ್ತಾರೆ. ಹಾಗಿದ್ದಲ್ಲಿ ಕೊಲಂಬಸನಿಗಿಂತ ಎಷ್ಟೋ ಶತಮಾನಗಳ ಮೊದಲೇ ಅದು ಭಾರತವನ್ನು ಮುಟ್ಟಿದ್ದು ಹೇಗೆ ಎಂಬ ಚರ್ಚೆ ವಿದ್ವಾಂಸರಲ್ಲಿ ನಡೆದೇ ಇದೆ.

ಅರಿಯದವನಿಗೆ ಉಣಿಸುವ ಕತೆ ವಿವರವಾಗಿ ದೊರೆಯುವುದು ಗೋವೆಯಿಂದ. ಅಲ್ಲಿ ನೆಲೆಸಿದ್ದ ಪೋರ್ಚುಗೀಸ್ ವೈದ್ಯ ಗಾರ್ಸಿಯಾ ದ ಓರ್ತಾ ಭಾರತದ ಔಷಧದ್ರವ್ಯಗಳನ್ನು ಕುರಿತು ಸಂಭಾಷಣೆಯ ರೂಪದಲ್ಲಿ ಒಂದು ಗ್ರಂಥ ಬರೆದು 1563ರಲ್ಲಿ ಅಲ್ಲಿಯೇ ಅಚ್ಚು ಹಾಕಿಸಿದ. ಕಳವು ಮಾಡಬಯಸುವವರು ಇದನ್ನು ಊಟದಲ್ಲಿ ಬೆರೆಸುತ್ತಾರೆ, ತಿಂದವರು ಸುಮ್ಮನೆ ನಗುತ್ತ ಕೂರುತ್ತಾರೆ, ಕಣ್ಣೆದುರಿಗೆ ಒಡವೆ ಒಯ್ದರೂ ತಡೆಯುವುದಿಲ್ಲ, ಈ ಸ್ಥಿತಿ ಒಂದು ಹಗಲು ಒಂದು ರಾತ್ರಿ ಇರುತ್ತದೆ ಎಂಬುದು ಅವನ ವಿವರಣೆಯ ಸಾರ. ಅದೇ ಗೋವೆಯಲ್ಲಿ ಕೆಲವು ವರ್ಷ ಕಳೆದ ಡಚ್ಚರ ಲಿನ್‌ಸ್ಖೋಟನ್ 1596ರಲ್ಲಿ ಪ್ರಕಟಿಸಿದ ಪ್ರವಾಸಕಥನದಲ್ಲಿ, ಅಲ್ಲಿನ ಹೆಂಗಸರು ಗಂಡಂದಿರಿಗೆ ದತ್ತೂರ ಉಣಿಸಿ ಅವರ ಎದುರಿನಲ್ಲಿಯೇ ಪ್ರಿಯಕರರನ್ನು ಕೂಡುತ್ತಿದ್ದರೆಂದೂ ಗಂಡಂದಿರಿಗೆ ಮರುದಿನ ಯಾವುದೂ ನೆನಪಿರುತ್ತಿರಲಿಲ್ಲವೆಂದೂ ಬರೆದಿದ್ದಾನೆ. ಇದರಲ್ಲಿ ಪರದೇಶದ ಗಂಡಸೊಬ್ಬನ ಚಪಲ ಎಷ್ಟು, ಪೇಟೆಯ ಗಾಳಿಮಾತು ಎಷ್ಟು ಎಂದು ಇಂದಿನ ಓದುಗರು ತೂಗಿ ನೋಡಬೇಕು. ಆದರೆ ಕತೆ ಎಷ್ಟೇ ಉಬ್ಬಿದ್ದರೂ ಅದರ ನಡುವಿನ ಒಂದು ಎಳೆ ವೈದ್ಯಶಾಸ್ತ್ರಕ್ಕೆ ಒಪ್ಪುವಂಥದು: ಎಚ್ಚರವಿದ್ದಂತೆ ಕಾಣುವವನು ಯಾವುದನ್ನೂ ನೆನಪಿಡಲಾರ.

ಸಮುದ್ರದ ಆಚೆಯೂ ಇದಕ್ಕೆ ಪುರಾವೆಯಿದೆ. 1676ರಲ್ಲಿ ವರ್ಜಿನಿಯಾದಲ್ಲಿ ಬೇಕನ್ ಎಂಬವನ ದಂಗೆಯನ್ನು ಅಡಗಿಸಲು ಜೇಮ್ಸ್‌ಟೌನಿಗೆ ಬಂದ ಕೆಲವು ಇಂಗ್ಲಿಷ್ ಸೈನಿಕರು ಉಮ್ಮತ್ತಿಯ ಜಾತಿಯದೇ ಆದ ಗಿಡದ ಚಿಗುರನ್ನು ಸೊಪ್ಪಿನ ಪಲ್ಯವೆಂದು ಬೇಯಿಸಿ ತಿಂದರು. ಹನ್ನೊಂದು ದಿನ ಅವರು ಮಕ್ಕಳಂತೆ, ಮಂಗಗಳಂತೆ ಆಡಿದರೆಂದೂ ಸ್ವಂತ ಕ್ಷೇಮಕ್ಕಾಗಿ ಅವರನ್ನು ಕೂಡಿಹಾಕಬೇಕಾಯಿತೆಂದೂ ಬುದ್ಧಿ ಮರಳಿದಾಗ ಯಾವುದೂ ನೆನಪಿರಲಿಲ್ಲವೆಂದೂ ರಾಬರ್ಟ್ ಬೆವರ್ಲಿ ಎಂಬವನು 1705ರ ತನ್ನ ವರ್ಜಿನಿಯಾ ಚರಿತ್ರೆಯಲ್ಲಿ ಬರೆದ. ಅಮೆರಿಕದಲ್ಲಿ ಆ ಗಿಡಕ್ಕೆ ಇಂದಿಗೂ ಜಿಮ್ಸನ್ ಎಂಬ ಹೆಸರಿರುವುದು ಆ ಊರಿನಿಂದ.

ಮತ್ತೆ ನಮ್ಮ ದಾರಿಗಳಿಗೆ ಬರೋಣ. ರೈಲು ಬರುವ ಮೊದಲು ದೂರದ ಪಯಣವೆಂದರೆ ವಾರಗಟ್ಟಲೆಯ ನಡಿಗೆ ಅಥವಾ ಬಂಡಿಯ ಪ್ರಯಾಣ. ಒಬ್ಬನೇ ಹೋಗಲು ಅಂಜಿ ಜನ ಜೊತೆ ಹುಡುಕುತ್ತಿದ್ದರು. ಛತ್ರದಲ್ಲಿಯೋ ಮರದ ಕೆಳಗೋ ತಂಗಿ, ಹಿಟ್ಟು ಬೇಳೆ ಕೂಡಿಸಿ ಅಡುಗೆ ಮಾಡಿಕೊಳ್ಳುತ್ತಿದ್ದರು. ಈ ಜೊತೆಯೇ ವಂಚಕರಿಗೆ ಬಾಗಿಲಾಯಿತು. ಹಿಟ್ಟಿನಲ್ಲಿ, ಸಿಹಿತಿಂಡಿಯಲ್ಲಿ, ಹುಕ್ಕಾದ ತಂಬಾಕಿನಲ್ಲಿ ಬೀಜದ ಪುಡಿ ಬೆರೆಸಿದರೆ ಸಾಕಾಗಿತ್ತು. ಠಗ್ಗರ ದಮನದಿಂದ ಹೆಸರಾದ ವಿಲಿಯಂ ಸ್ಲೀಮನ್ 1844ರಲ್ಲಿ ಪ್ರಕಟಿಸಿದ ನೆನಪುಗಳ ಪುಸ್ತಕದಲ್ಲಿ ದಾರಿಹೋಕರಿಗೆ ವಿಷವಿಕ್ಕುವವರ ಬಗೆಗೂ ಬರೆದಿದ್ದಾನೆ. ನಾರ್ಮನ್ ಚೆವರ್ಸ್ 1856ರಲ್ಲಿ ಬಂಗಾಳ ಮತ್ತು ವಾಯವ್ಯ ಪ್ರಾಂತಗಳಿಗಾಗಿ ಬರೆದ ನ್ಯಾಯವೈದ್ಯಶಾಸ್ತ್ರದ ಕೈಪಿಡಿಯಲ್ಲಿ ದತ್ತೂರಕ್ಕೆ ವಿಶೇಷ ಸ್ಥಾನವಿದೆ. ಭಾರತದ ವಿಷಶಾಸ್ತ್ರದ ಪಠ್ಯಗಳಲ್ಲಿ ಇದಕ್ಕೆ ‘ರೋಡ್ ಪಾಯ್ಸನ್’, ಅಂದರೆ ದಾರಿಯ ವಿಷ, ಎಂಬ ಅಡ್ಡಹೆಸರೇ ಅಂಟಿಕೊಂಡಿತು.

ಈ ಅಪರಾಧದ ಕ್ರೌರ್ಯ ಎಲ್ಲಿದೆ ಎಂಬುದನ್ನು ಗಮನಿಸಬೇಕು. ಕತ್ತಿ ಹಿಡಿದ ದರೋಡೆಕೋರ ಹಣವನ್ನು ಕಿತ್ತುಕೊಳ್ಳುತ್ತಾನೆ, ಆದರೆ ಅವನ ಮುಖ ನೆನಪಿನಲ್ಲಿ ಉಳಿಯುತ್ತದೆ. ಉಮ್ಮತ್ತಿ ಇಕ್ಕಿದವನು ಹಣದ ಜೊತೆಗೆ ನೆನಪನ್ನೂ ಒಯ್ಯುತ್ತಾನೆ. ಅರಳಿದ ಕಣ್ಣು, ತೊದಲು ಮಾತು, ಕಳಚಿದ ಬಟ್ಟೆಯಲ್ಲಿ ಅಲೆಯುತ್ತಿದ್ದವನನ್ನು ಕಂಡವರು ಹುಚ್ಚನೆಂದೋ ಕುಡುಕನೆಂದೋ ತೀರ್ಮಾನಿಸುತ್ತಿದ್ದರು. ಎಚ್ಚೆತ್ತು ದೂರು ಕೊಡಹೋದರೆ ಯಾರು, ಎಲ್ಲಿ, ಯಾವಾಗ ಎಂಬ ಮೂರು ಪ್ರಶ್ನೆಗಳಿಗೂ ಅವನಲ್ಲಿ ಉತ್ತರವಿರುತ್ತಿರಲಿಲ್ಲ. ನ್ಯಾಯಾಲಯಕ್ಕೆ ಬೇಕಾದುದು ಸಾಕ್ಷ್ಯ. ಈ ವಿಷ ಕೊಲ್ಲುತ್ತಿದ್ದುದು ಅದನ್ನೇ.

ಸರ್ಕಾರ ಇದಕ್ಕೆ ಎರಡು ಬಗೆಯ ಉತ್ತರ ಕಂಡುಕೊಂಡಿತು. ಒಂದು ಕಾನೂನು. 1860ರ ಭಾರತೀಯ ದಂಡಸಂಹಿತೆಯ 328ನೆಯ ಕಲಮು ಅಪರಾಧದ ಉದ್ದೇಶದಿಂದ ವಿಷವನ್ನಾಗಲಿ ಮತ್ತು ಬರಿಸುವ ಮದ್ದನ್ನಾಗಲಿ ಕೊಡುವುದಕ್ಕೆ ಹತ್ತು ವರ್ಷಗಳವರೆಗಿನ ಸೆರೆವಾಸವನ್ನು ವಿಧಿಸಿತು. ಇಂದಿನ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 123ನೆಯ ಕಲಮಾಗಿ ಉಳಿದಿದೆ. ಆದರೆ ಸಾಕ್ಷ್ಯವಿಲ್ಲದಾಗ ಅನುಮಾನ ಬಡವನ ಮೇಲೆ ಹೊರಳುವುದು ಲೋಕರೂಢಿ. ಅಲೆಮಾರಿಗಳಾಗಿ ಬದುಕುತ್ತಿದ್ದ ಇಡೀ ಸಮುದಾಯಗಳನ್ನೇ ಹುಟ್ಟಪರಾಧಿಗಳೆಂದು ಪಟ್ಟಿ ಮಾಡಿದ 1871ರ ಕಾಯಿದೆ ಅದೇ ಮನೋಧರ್ಮದ ಫಲ. ಠಗ್ಗರ ಕುರಿತಾದ ಬ್ರಿಟಿಷರ ಬರಹಗಳಲ್ಲಿ ಭಯವೂ ಅತಿಶಯೋಕ್ತಿಯೂ ಬೆರೆತಿವೆ ಎಂದು ನಂತರದ ಇತಿಹಾಸಕಾರರು ಎಚ್ಚರಿಸಿರುವುದನ್ನು ಮರೆಯುವಂತಿಲ್ಲ.

ಎರಡನೆಯ ಉತ್ತರ ಪ್ರಯೋಗಶಾಲೆ. ಮದ್ರಾಸಿನಲ್ಲಿ 1849ರಲ್ಲಿ, ಕಲ್ಕತ್ತೆಯಲ್ಲಿ 1853ರಲ್ಲಿ, ಆಗ್ರಾದಲ್ಲಿ 1864ರಲ್ಲಿ, ಮುಂಬಯಿಯಲ್ಲಿ 1870ರಲ್ಲಿ ಸರ್ಕಾರಿ ರಾಸಾಯನಿಕ ಪರೀಕ್ಷಕರ ಪ್ರಯೋಗಶಾಲೆಗಳು ತೆರೆದವು. ನಾಲಿಗೆ ಹೇಳಲಾರದ್ದನ್ನು ಹೊಟ್ಟೆಯಿಂದ ಹೇಳಿಸುವುದು ಅಲ್ಲಿನ ಕೆಲಸ. ವಾಂತಿಯಲ್ಲಿ ದೊರೆತ ಬೀಜ ಉಮ್ಮತ್ತಿಯದೋ ಮೆಣಸಿನಕಾಯಿಯದೋ ಎಂಬುದು ಎಷ್ಟೋ ಮೊಕದ್ದಮೆಗಳ ತಿರುಳಾಗಿತ್ತು. ಎರಡೂ ಚಪ್ಪಟೆ, ಎರಡೂ ಪುಟ್ಟವು. ಉಮ್ಮತ್ತಿಯ ಬೀಜ ಕಂದು ಬಣ್ಣದ್ದು, ಮೈಮೇಲೆ ಸಣ್ಣ ಸಣ್ಣ ಕುಳಿಗಳಿರುವುದು, ಕಹಿ. ಮೆಣಸಿನಕಾಯಿಯದು ಹಳದಿ, ನುಣುಪು, ಖಾರ. 1920ರಲ್ಲಿ ಮೊದಲು ಪ್ರಕಟವಾದ ಜೈಸಿಂಗ್ ಮೋದಿಯವರ ಪಠ್ಯಪುಸ್ತಕದ ಪರಂಪರೆಯಲ್ಲಿ ಓದಿದ ನಮ್ಮ ವೈದ್ಯರೆಲ್ಲ ಈ ವ್ಯತ್ಯಾಸವನ್ನು ಬಾಯಿಪಾಠ ಮಾಡಿದವರೇ. ಬೀಜ ಸಿಗದಿದ್ದರೆ ರೋಗಿಯ ಮೂತ್ರದಿಂದ ತೆಗೆದ ಸತ್ವದ ಒಂದು ಹನಿಯನ್ನು ಬೆಕ್ಕಿನ ಕಣ್ಣಿಗೆ ಹಾಕಿ ಪಾಪೆ ಅರಳುವುದೇ ಎಂದು ನೋಡುತ್ತಿದ್ದರು. 1880ರಲ್ಲಿ ಇಟಲಿಯ ವಿಟಾಲಿ ಕಂಡುಹಿಡಿದ ಪರೀಕ್ಷೆಯಲ್ಲಿ ಅದೇ ಸತ್ವ ನೈಟ್ರಿಕ್ ಆಮ್ಲ ಮತ್ತು ಕ್ಷಾರದ ಸಂಪರ್ಕದಿಂದ ನೇರಿಳೆ ಬಣ್ಣ ತಾಳುತ್ತಿತ್ತು. ಮರೆತವನ ಪರವಾಗಿ ಒಂದು ಬಣ್ಣ ಸಾಕ್ಷಿ ನುಡಿಯತೊಡಗಿತು.

ಉಮ್ಮತ್ತಿಯ ಚರಿತ್ರೆಯನ್ನು ಇಲ್ಲಿಗೇ ನಿಲ್ಲಿಸಿದರೆ ಅನ್ಯಾಯವಾದೀತು. ಅದೇ ಶತಮಾನದ ಆರಂಭದಲ್ಲಿ, 1802ರಲ್ಲಿ, ಮದ್ರಾಸಿನ ಹಿರಿಯ ವೈದ್ಯಾಧಿಕಾರಿ ಜೇಮ್ಸ್ ಆಂಡರ್ಸನ್, ಉಬ್ಬಸಕ್ಕೆ ದತ್ತೂರದ ಹೊಗೆ ಸೇದುವ ದೇಶೀಯ ಪದ್ಧತಿಯನ್ನು ಜನರಲ್ ಜೆಂಟ್ ಎಂಬ ಸೇನಾಧಿಕಾರಿಗೆ ತಿಳಿಸಿದ. ಜೆಂಟ್ ಅದನ್ನು ಬ್ರಿಟನ್ನಿಗೆ ಒಯ್ದ. ಮುಂದಿನ ನೂರೈವತ್ತು ವರ್ಷ ಯೂರೋಪು, ಅಮೆರಿಕಗಳ ಅಂಗಡಿಗಳಲ್ಲಿ ‘ಆಸ್ತಮಾ ಸಿಗರೇಟು’ಗಳು ಮಾರಾಟವಾದವು. ಇಂದಿನ ಉಬ್ಬಸದ ರೋಗಿಗಳು ಬಳಸುವ ಇಪ್ರಟ್ರೋಪಿಯಂ ಎಂಬ ಇನ್‌ಹೇಲರ್ ಮದ್ದು ಅಟ್ರೋಪಿನ್ನಿನಿಂದಲೇ ರೂಪುಗೊಂಡದ್ದು. ಹೊಲಕ್ಕೆ ಹೊಡೆಯುವ ಕೀಟನಾಶಕ ಕುಡಿದ ರೈತನನ್ನು ತಾಲ್ಲೂಕು ಆಸ್ಪತ್ರೆಗೆ ಹೊತ್ತು ತಂದಾಗ ವೈದ್ಯರು ಮೊದಲು ಕೈಗೆತ್ತಿಕೊಳ್ಳುವ ಸೂಜಿಮದ್ದು ಅಟ್ರೋಪಿನ್. ಒಬ್ಬನ ಪ್ರಾಣ ತೆಗೆಯುವ ಸತ್ವ, ಅಳತೆ ಬಲ್ಲ ಕೈಯಲ್ಲಿ, ಮತ್ತೊಬ್ಬನ ಪ್ರಾಣ ಉಳಿಸುತ್ತದೆ.

ಇನ್ನೊಂದು ತಿರುವು ಹೆಚ್ಚು ವಿಚಿತ್ರವಾದದ್ದು. ನೆನಪನ್ನು ಕಸಿಯುವ ಈ ಸತ್ವದಿಂದಲೇ ಸತ್ಯವನ್ನು ಹೊರಡಿಸಬಹುದೆಂದು ಕೆಲವರು ನಂಬಿದರು. ಅಮೆರಿಕದ ಟೆಕ್ಸಾಸಿನ ವೈದ್ಯ ರಾಬರ್ಟ್ ಹೌಸ್, ಹೆರಿಗೆಯ ನೋವು ತಿಳಿಯದಿರಲೆಂದು ಸ್ಕೋಪೊಲಮಿನ್ ಕೊಟ್ಟಿದ್ದ ಹೆಂಗಸರು ಮಂಪರಿನಲ್ಲಿಯೂ ಪ್ರಶ್ನೆಗಳಿಗೆ ಸರಿಯಾಗಿ ಉತ್ತರಿಸುವುದನ್ನು ಕಂಡು, 1922ರಲ್ಲಿ ಡಲ್ಲಾಸಿನ ಸೆರೆಮನೆಯ ಕೈದಿಗಳ ಮೇಲೆ ಅದನ್ನು ಪ್ರಯೋಗಿಸಿದ. ‘ಸತ್ಯದ ಮದ್ದು’ ಎಂಬ ಕಲ್ಪನೆ ಪ್ರಚಾರ ಪಡೆದದ್ದು ಅಲ್ಲಿಂದ. ಮದ್ದುಗಳು ಬದಲಾದವು, ಕಲ್ಪನೆ ಉಳಿಯಿತು. 2000ದ ದಶಕದಲ್ಲಿ ಬೇರೊಂದು ಮದ್ದಾದ ಸೋಡಿಯಂ ಪೆಂಟೊಥಾಲ್ ಬಳಸುವ ಮಂಪರು ಪರೀಕ್ಷೆಗಳಿಗೆ ನಮ್ಮ ಬೆಂಗಳೂರೇ ದೇಶದಲ್ಲೆಲ್ಲ ಹೆಸರಾಗಿತ್ತು. 2010ರ ಮೇ 5ರಂದು ಸೆಲ್ವಿ ಮತ್ತು ಕರ್ನಾಟಕ ರಾಜ್ಯದ ನಡುವಿನ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ, ಒಪ್ಪಿಗೆಯಿಲ್ಲದೆ ಯಾರನ್ನೂ ಇಂಥ ಪರೀಕ್ಷೆಗೆ ಒಳಪಡಿಸುವುದು ಸಂವಿಧಾನಕ್ಕೆ ವಿರುದ್ಧವೆಂದು ತೀರ್ಪಿತ್ತಿತು. ಮದ್ದಿಕ್ಕಿ ನೆನಪನ್ನು ಕದಿಯುವ ದಾರಿಗಳ್ಳನಿಗೂ ಮದ್ದಿಕ್ಕಿ ಮಾತನ್ನು ಹೊರಡಿಸುವ ಅಧಿಕಾರಕ್ಕೂ ಉದ್ದೇಶದಲ್ಲಿ ಅಂತರವಿದೆ, ನಿಜ. ಆದರೆ ಎರಡೂ ಕಡೆಯಲ್ಲಿ ಮನುಷ್ಯನ ಮನಸ್ಸಿನ ಬಾಗಿಲನ್ನು ಅವನ ಅನುಮತಿಯಿಲ್ಲದೆ ತೆರೆಯಲಾಗುತ್ತದೆ. ತೀರ್ಪು ಆ ಬಾಗಿಲಿನ ಬೀಗದ ಕೈಯನ್ನು ಮನೆಯ ಯಜಮಾನನಿಗೇ ಮರಳಿಸಿತು.

ಇಂದು ಇದರ ಅಪಾಯ ಎರಡು ಕಡೆಯಿಂದ ಬರುತ್ತದೆ. ಒಂದು, ತಾವಾಗಿ ತಿನ್ನುವವರದು. ದುಡ್ಡಿಲ್ಲದೆ ದೊರೆಯುವ ಮತ್ತು ಎಂದುಕೊಂಡು ಬೀಜ ಅಗಿಯುವ ಹುಡುಗರು, ಹಬ್ಬದ ಹೊತ್ತಿನಲ್ಲಿ ಭಂಗಿಗೆ ಇದನ್ನು ಬೆರೆಸಿ ಕುಡಿಯುವವರು, ಆಟದಲ್ಲಿ ಕಾಯಿ ಬಿಡಿಸಿ ಬಾಯಿಗೆ ಹಾಕುವ ಮಕ್ಕಳು ನಮ್ಮ ನಗರಗಳ ಆಸ್ಪತ್ರೆಗಳಿಗೆ ಹೊಸಬರಲ್ಲ. ಪೂಜೆಗೆ ತಂದ ಕಾಯಿಯನ್ನು ಮಕ್ಕಳ ಕೈಗೆಟುಕದಂತೆ ಇಡುವುದು, ನಿರ್ಮಾಲ್ಯವನ್ನು ಜಾಗ್ರತೆಯಿಂದ ವಿಸರ್ಜಿಸುವುದು ಭಕ್ತಿಯ ಭಾಗವೇ ಆಗಬೇಕು. ಶಿವನಿಗೆ ಅರ್ಪಿಸಿದ್ದೆಲ್ಲ ಪ್ರಸಾದವಾಗಿ ತಿನ್ನುವಂಥದಲ್ಲ. ಹಾಲಾಹಲವನ್ನು ನುಂಗಿದವನಿಗೆ ಸಲ್ಲುವುದು ನಮಗೆ ಸಲ್ಲದು.

ಇನ್ನೊಂದು, ದಾರಿಯದು. ಊರು ಬಿಟ್ಟು ದೂರ ನೆಲೆಸಿದ ನಮ್ಮ ಬದುಕಿನಲ್ಲಿ ರೈಲಿಗೆ ದೊಡ್ಡ ಪಾಲಿದೆ. ಅಪರಿಚಿತರಿಂದ ತಿಂಡಿ ತೀರ್ಥ ಸ್ವೀಕರಿಸಬೇಡಿ ಎಂಬ ನಿಲ್ದಾಣದ ಘೋಷಣೆಯನ್ನು ನಾವು ಎಷ್ಟೋ ಭಾಷೆಗಳಲ್ಲಿ ಕೇಳಿದ್ದೇವೆ. ಈಗ ಬಿಸ್ಕತ್ತಿನಲ್ಲಿ, ಚಹಾದಲ್ಲಿ ಬೆರೆಯುವುದು ಹೆಚ್ಚಾಗಿ ನಿದ್ರೆಯ ಮಾತ್ರೆಗಳು. ವಿಷ ಬದಲಾಗಿದೆ, ವಿಧಾನ ಛತ್ರದ ಕಾಲದ್ದೇ. ಹಬ್ಬಕ್ಕೆ ಊರಿಗೆ ಹೊರಟ ಕೂಲಿಕಾರ, ತಿಂಗಳುಗಳ ಉಳಿತಾಯವನ್ನು ಸೊಂಟಕ್ಕೆ ಕಟ್ಟಿಕೊಂಡ ಹೋಟೆಲು ಮಾಣಿ, ಒಬ್ಬಂಟಿ ಮುದುಕಿ ಇಂಥವರೇ ಅದಕ್ಕೆ ಸುಲಭವಾಗಿ ಸಿಕ್ಕುವವರು.

ಆದುದರಿಂದ ಈ ಚರಿತ್ರೆಯಿಂದ ನಾವು ಕಲಿಯಬೇಕಾದುದು ಯಾರಿಂದಲೂ ಏನನ್ನೂ ತೆಗೆದುಕೊಳ್ಳಬಾರದೆಂಬ ಪಾಠವೊಂದನ್ನೇ ಅಲ್ಲ. ಪ್ಲಾಟ್‌ಫಾರ್ಮಿನಲ್ಲಿ ಅರಳಿದ ಕಣ್ಣಿನ, ಒಣಗಿದ ಬಾಯಿಯ, ಕಾದ ಮೈಯ, ತನ್ನಷ್ಟಕ್ಕೆ ಮಾತಾಡುವ ಮನುಷ್ಯನೊಬ್ಬ ಕಂಡರೆ ಕುಡುಕನೆಂದು ದಾಟಿ ಹೋಗಬಾರದು. ಅವನನ್ನು ನೆರಳಿನಲ್ಲಿ, ತಂಪಿನಲ್ಲಿ ಕೂರಿಸಿ 139ಕ್ಕೋ 112ಕ್ಕೋ ಕರೆ ಮಾಡಬೇಕು. ಬಾಯಿಗೆ ಏನನ್ನೂ ಹಾಕಬಾರದು, ವಾಂತಿ ಮಾಡಿಸಲು ಹೋಗಬಾರದು. ಅವನ ಬಳಿ ಉಳಿದಿರುವ ತಿಂಡಿಯನ್ನೋ ಲೋಟವನ್ನೋ ಎಸೆಯದೆ ಆಸ್ಪತ್ರೆಗೆ ಮುಟ್ಟಿಸಬೇಕು. ರಕ್ತ, ಮೂತ್ರಗಳ ಮಾದರಿಯನ್ನು ಬೇಗ ತೆಗೆದಿಡುವಂತೆ ಕೇಳಿಕೊಳ್ಳಬೇಕು. ಮರುದಿನ ಅವನು ತನಗೇನೂ ನೆನಪಿಲ್ಲ ಎಂದಾಗ ಅದನ್ನು ಸುಳ್ಳೆಂದು ಬಗೆಯದೆ, ಆ ಮರೆವನ್ನೇ ಅವನ ಮೇಲಾದ ಅನ್ಯಾಯದ ಗುರುತಾಗಿ ಓದಬೇಕು.

ಬುತ್ತಿ ಬಿಚ್ಚಿ ಎದುರಿಗೆ ಕುಳಿತವರಿಗೆ ಒಂದು ತುತ್ತು ನೀಡುವುದು ನಮ್ಮ ಪಯಣದ ಹಳೆಯ ಮರ್ಯಾದೆ. ಆ ಮರ್ಯಾದೆಯನ್ನೇ ಧೂರ್ತರು ಬಲೆಯಾಗಿ ಮಾಡಿಕೊಂಡರು ಎಂಬುದು ಉಮ್ಮತ್ತಿಯ ಚರಿತ್ರೆಯ ದುಃಖ. ನೀಡಿದ ತುತ್ತನ್ನು ಇಂದು ನಯವಾಗಿ ಬೇಡವೆನ್ನುವಾಗ ನಾವು ಬಿಟ್ಟುಕೊಡುತ್ತಿರುವುದು ಸಣ್ಣದೇನಲ್ಲ. ಅದರ ಬದಲಿಗೆ ಸಹಪ್ರಯಾಣಿಕನಿಗೆ ನಾವು ಕೊಡಬಹುದಾದದ್ದು ಒಂದಿದೆ: ಅವನು ಮಾತು ಕಳೆದುಕೊಂಡ ಹೊತ್ತಿನಲ್ಲಿ ಅವನ ಪರವಾಗಿ ನಿಂತು, ಕಂಡದ್ದನ್ನು ಹೇಳುವುದು.